ಎಳೆಯುವ ಬಲ, ತಡೆಯುವ ಬಲ: ನಮ್ಮ ಸೀಮೆಯ ಡೀಸೆಲ್ ಬಂಡಿಗಳ ಕಥೆ

ರಾಯಚೂರಿನ ಕೋಟೆಯನ್ನು ಕಂಡವರಿಗೆಲ್ಲ ಅದರ ಪಶ್ಚಿಮದ ಗೋಡೆಯಲ್ಲಿ ಅಡ್ಡಲಾಗಿ ಕೂರಿಸಿರುವ ದೈತ್ಯ ಶಿಲೆಯ ನೆನಪಿರುತ್ತದೆ. ಅದರ ಉದ್ದ ನಲವತ್ತೊಂದು ಅಡಿಗೂ ಮಿಗಿಲು. ಕಾಕತೀಯರ ಆಳ್ವಿಕೆಯಲ್ಲಿ, ಕ್ರಿ.ಶ. 1294ರಲ್ಲಿ, ಈ ಕೋಟೆ ಕಟ್ಟಿದುದನ್ನು ಹೇಳುವ ತೆಲುಗು ಶಾಸನ ಅದರ ಮೇಲಿದೆ. ಶಾಸನಕ್ಕಿಂತ ನನ್ನ ಮನಸ್ಸನ್ನು ಹೆಚ್ಚು ಸೆಳೆದುದು ಅಲ್ಲಿಯೇ ಕೊರೆದಿರುವ ಒಂದು ಚಿತ್ರ. ತಗ್ಗಾದ, ಅರೆಗಳಿಲ್ಲದ ಗಟ್ಟಿ ಗಾಲಿಗಳ ಒಂದು ಬಂಡಿ. ಅದರ ಮೇಲೆ ಈ ಬಂಡೆ. ಮುಂದೆ ನೊಗ ಹೊತ್ತ ಕೋಣಗಳ ಉದ್ದನೆಯ ಸಾಲು. ನಡುನಡುವೆ ಅವುಗಳನ್ನು ಹುರಿದುಂಬಿಸುವ ಆಳುಗಳು. ಹಿಂದೆ ಗಾಲಿಗಳಿಗೆ ಸನ್ನೆಗೋಲು ಕೊಟ್ಟು ನಿಂತ ಮನುಷ್ಯರು. ಆ ಸನ್ನೆಗೋಲು ಗಾಲಿಯನ್ನು ಮುಂದಕ್ಕೆ ಮೀಟುವುದಕ್ಕೂ ಹೌದು, ಏರಿನಲ್ಲಿ ಬಂಡಿ ಹಿಂದಕ್ಕೆ ಜಾರದಂತೆ ತಡೆಯುವುದಕ್ಕೂ ಹೌದು ಎಂದು ನಾನು ತಿಳಿಯುತ್ತೇನೆ. ಹೊರೆ ಸಾಗಿಸುವ ವಿದ್ಯೆಯಲ್ಲಿ ಎಳೆಯುವವನಷ್ಟೇ ತಡೆಯುವವನೂ ಮುಖ್ಯ ಎಂಬುದನ್ನು ಏಳುನೂರು ವರ್ಷಗಳ ಹಿಂದಿನ ಶಿಲ್ಪಿ ಬಲ್ಲವನಾಗಿದ್ದ.

ಇದನ್ನು ಈಗ ಬರೆಯಲು ಕಾರಣವುಂಟು. ನನ್ನ ಹಳೆಯ ಶಿಷ್ಯರಲ್ಲಿ ಒಬ್ಬ ಅಮೆರಿಕದಲ್ಲಿದ್ದಾನೆ. ತಾನು ಕೊಂಡ ಭಾರೀ ಡೀಸೆಲ್ ಪಿಕಪ್ ಟ್ರಕ್ಕಿನ ಚಿತ್ರ ಕಳುಹಿಸಿ, "ಸರ್, ಇದು ನಮ್ಮೂರಿನ ಪಿಕಪ್ಪಿನ ಆರು ಪಟ್ಟು" ಎಂದು ಬರೆದಿದ್ದ. ಇನ್ನೊಬ್ಬ ದೇವದುರ್ಗದಲ್ಲಿ ಎರಡು ಪಿಕಪ್ ಇಟ್ಟುಕೊಂಡು ಹತ್ತಿ, ಭತ್ತ, ಗೊಬ್ಬರ ಸಾಗಿಸಿ ಸಂಸಾರ ನಡೆಸುತ್ತಿದ್ದಾನೆ. "ಆರು ಪಟ್ಟು ಅಂದರೇನು ಸರ್? ನನ್ನ ಗಾಡಿಯೂ ಎಷ್ಟು ಹೇರಿದರೂ ಎಳೆಯುತ್ತದೆ" ಎಂಬುದು ಅವನ ಮಾತು. ಆ 'ಎಷ್ಟು ಹೇರಿದರೂ' ಎಂಬ ಮಾತು ನನ್ನನ್ನು ಯೋಚನೆಗೆ ಹಚ್ಚಿತು. ಡೀಸೆಲ್ ಬಂಡಿ ನಮ್ಮ ಸೀಮೆಗೆ ಬಂದ ಬಗೆ, ಅದರ ಶಕ್ತಿಯ ಗುಟ್ಟು, ಆ ಶಕ್ತಿಯ ಮೇರೆ, ಈ ಮೂರನ್ನೂ ತಿಳಿದಮಟ್ಟಿಗೆ ಇಲ್ಲಿ ನಿರೂಪಿಸುತ್ತೇನೆ.

ಮೊದಲು ಇತಿಹಾಸ. 1871ರಲ್ಲಿ ಮುಂಬಯಿ ಕಡೆಯಿಂದ ಬಂದ ಜಿ.ಐ.ಪಿ. ರೈಲುಮಾರ್ಗವೂ ಮದರಾಸಿನ ಕಡೆಯಿಂದ ಬಂದ ಮಾರ್ಗವೂ ರಾಯಚೂರಿನಲ್ಲಿ ಕೂಡಿದವು. ಒಮ್ಮೆಗೇ ನಮ್ಮ ಊರು ಎರಡು ಸಮುದ್ರತೀರಗಳಿಗೆ ಹತ್ತಿರವಾಯಿತು. ಆದರೆ ರೈಲು ರಾಯಚೂರಿಗೆ ಬಂದಿತೇ ಹೊರತು ದೇವದುರ್ಗಕ್ಕಾಗಲಿ ಮಾನ್ವಿಗಾಗಲಿ ಇಪ್ಪತ್ತನೆಯ ಶತಮಾನ ಮುಗಿಯುವವರೆಗೂ ಬರಲಿಲ್ಲ. ಹೊಲದಿಂದ ಸ್ಟೇಷನ್ನಿನವರೆಗಿನ ಹಾದಿಯೆಲ್ಲ ಎತ್ತಿನ ಬಂಡಿಯ ಪಾಲಿಗೇ ಉಳಿಯಿತು. ಎರೆಭೂಮಿಯ ಹಾದಿಗಳನ್ನು ಬಲ್ಲವರಿಗೆ ಅದರ ಕಷ್ಟ ಗೊತ್ತು. ಬೇಸಿಗೆಯಲ್ಲಿ ಮೊಳಕಾಲುದ್ದದ ಧೂಳು. ಮಳೆಗಾಲದಲ್ಲಿ ಗಾಲಿಯನ್ನು ಹಿಡಿದು ಬಿಡದ ಕೆಸರು. ಒಂದು ಜೋಡಿ ಎತ್ತು ದಿನವಿಡೀ ಕೊಡಬಲ್ಲ ಶಕ್ತಿ ಸುಮಾರು ಒಂದು ಅಶ್ವಶಕ್ತಿ ಮಾತ್ರ. ಹತ್ತಿಯ ಅಂಡಿಗೆಗಳನ್ನು ಹೇರಿಕೊಂಡು ದೇವದುರ್ಗದ ಕಡೆಯಿಂದ ಹೊರಟ ಬಂಡಿ ರಾಯಚೂರಿನ ಗಂಜು ಮುಟ್ಟುವಷ್ಟರಲ್ಲಿ ದಿನ ಉರುಳಿ ರಾತ್ರಿಯಾಗುತ್ತಿತ್ತು.

ನಮ್ಮ ಜಿಲ್ಲೆ ಆಗ ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿತ್ತು. 1932ರಲ್ಲಿ ನಿಜಾಮ ಸರಕಾರದ ರೈಲ್ವೆ ಇಲಾಖೆಯು 27 ಬಸ್ಸುಗಳಿಂದ ರಸ್ತೆ ಸಾರಿಗೆಯನ್ನು ಆರಂಭಿಸಿತು. ಸರಕು ಸಾಗಣೆಗೆ ಬಂದ ಮೊದಲ ಲಾರಿಗಳು ಹೆಚ್ಚಾಗಿ ಪೆಟ್ರೋಲಿನವು. ಬೆಡ್‌ಫೋರ್ಡ್, ಡಾಜ್, ಫಾರ್ಗೋ ಎಂಬ ಹೆಸರುಗಳನ್ನು ಹಿರಿಯರ ಬಾಯಲ್ಲಿ ಕೇಳಿದವರು ನಿಮ್ಮಲ್ಲಿಯೂ ಇರಬಹುದು. ಡೀಸೆಲ್ ಯುಗ ನಿಜವಾಗಿ ತೊಡಗಿದುದು ಸ್ವಾತಂತ್ರ್ಯದ ನಂತರ. ರೈಲು ಎಂಜಿನ್ ತಯಾರಿಸಲೆಂದು 1945ರಲ್ಲಿ ಹುಟ್ಟಿದ ಟೆಲ್ಕೊ ಕಂಪನಿಯು 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡು ಜಮಶೇಡಪುರದಲ್ಲಿ ಡೀಸೆಲ್ ಲಾರಿಗಳನ್ನು ತಯಾರಿಸತೊಡಗಿತು. ಮೂಗಿನ ಮೇಲೆ ಮೂರು ಕಿರಣಗಳ ನಕ್ಷತ್ರ ಹೊತ್ತ ಆ ಲಾರಿಯನ್ನು ನಮ್ಮ ಕಡೆ 'ಬೆಂಜ್ ಲಾರಿ' ಎಂದೇ ಕರೆಯುತ್ತಿದ್ದರು. 1969ರಲ್ಲಿ ಒಪ್ಪಂದ ಮುಗಿದು ನಕ್ಷತ್ರದ ಜಾಗದಲ್ಲಿ ಟಾಟಾದ ಗುರುತು ಬಂದ ಮೇಲೆಯೂ ಹಳಬರ ಬಾಯಲ್ಲಿ ಅದು ಬೆಂಜ್ ಲಾರಿಯಾಗಿಯೇ ಉಳಿಯಿತು.

ಕಾಲವೂ ಅನುಕೂಲವಾಗಿತ್ತು. 1953ರ ಹೊತ್ತಿಗೆ ತುಂಗಭದ್ರಾ ಅಣೆಕಟ್ಟು ಸಿದ್ಧವಾಯಿತು. ಎಡದಂಡೆ ಕಾಲುವೆಯ ನೀರು ಕ್ರಮೇಣ ಮಾನ್ವಿ ಸೀಮೆಗೆ ಹರಿದು ಬಂದು ಜೋಳ ಬೆಳೆಯುತ್ತಿದ್ದ ಹೊಲಗಳು ಗದ್ದೆಗಳಾದವು. ಕೃಷ್ಣೆಯ ಮೇಲಿನ ನಾರಾಯಣಪುರ ಬಲದಂಡೆ ಕಾಲುವೆ ಮುಂದೆ ದೇವದುರ್ಗ ತಾಲೂಕಿಗೂ ನೀರು ತಂದಿತು. ನೀರು ಬಂದರೆ ಬೆಳೆ ಬರುತ್ತದೆ, ಬೆಳೆ ಬಂದರೆ ಹೊರೆ ಬರುತ್ತದೆ. ಎಪ್ಪತ್ತೈದು ಕಿಲೋ ತೂಕದ ಭತ್ತದ ಚೀಲಗಳ ರಾಶಿಯನ್ನು ಎತ್ತಿನ ಬಂಡಿಯೊಂದೇ ಸಾಗಿಸುವ ಕಾಲ ಅಲ್ಲಿಗೆ ಮುಗಿಯಿತು.

ಇನ್ನು ಡೀಸೆಲ್ ಎಂಜಿನ್ನಿನ ಗುಟ್ಟು. ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಎಂಜಿನಿಯರನಿಗೆ 1893ರಲ್ಲಿ ಇದರ ಪೇಟೆಂಟ್ ದೊರೆಯಿತು. 1897ರಲ್ಲಿ ಆಗ್ಸ್‌ಬರ್ಗ್ ನಗರದಲ್ಲಿ ಪರೀಕ್ಷೆಗೆ ನಿಂತ ಅವನ ಎಂಜಿನ್ ಸುಮಾರು 20 ಅಶ್ವಶಕ್ತಿಯದು. ಇಂಧನದಲ್ಲಿದ್ದ ಶಾಖದ ನೂರರಲ್ಲಿ ಇಪ್ಪತ್ತಾರು ಪಾಲನ್ನು ಅದು ಕೆಲಸವಾಗಿ ಮಾರ್ಪಡಿಸಿತು. ಅಂದಿನ ಉಗಿಯಂತ್ರಗಳಲ್ಲಿ ಬಹುಪಾಲು ಹತ್ತರ ಆಚೀಚೆಯಲ್ಲೇ ಇದ್ದವು. ನಮ್ಮ ಸೀಮೆಯವರು ಕೇಳಿ ಸಂತೋಷಪಡಬೇಕಾದ ಸಂಗತಿ ಇನ್ನೊಂದಿದೆ: 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಇಂತಹ ಒಂದು ಎಂಜಿನ್ನನ್ನು ಶೇಂಗಾ ಎಣ್ಣೆಯಿಂದ ಓಡಿಸಿ ತೋರಿಸಲಾಗಿತ್ತು.

ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ ಮತ್ತು ಇಂಧನದ ಮಿಶ್ರಣಕ್ಕೆ ಕಿಡಿ ಹೊತ್ತಿಸಬೇಕು. ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯಿಲ್ಲ. ಸಿಲಿಂಡರಿನೊಳಗೆ ಬರಿಯ ಗಾಳಿಯನ್ನು ಹದಿನೈದರಿಂದ ಇಪ್ಪತ್ತು ಪಟ್ಟು ಒತ್ತಿ ಕುಗ್ಗಿಸಿದಾಗ ಅದು 500 ಡಿಗ್ರಿಗೂ ಮೀರಿ ಕಾಯುತ್ತದೆ. ಸೈಕಲ್ ಪಂಪಿನ ತುದಿ ಬಿಸಿಯಾಗುವುದನ್ನು ತರಗತಿಯಲ್ಲಿ ಮುಟ್ಟಿ ನೋಡಿದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಆ ಕಾದ ಗಾಳಿಗೆ ಎಣ್ಣೆಯನ್ನು ಸಣ್ಣ ತುಂತುರಾಗಿ ಚಿಮ್ಮಿಸಿದೊಡನೆ ಅದು ತಾನಾಗಿಯೇ ಹೊತ್ತಿಕೊಂಡು ಪಿಸ್ಟನ್ನನ್ನು ತಳ್ಳುತ್ತದೆ. ಇಷ್ಟು ಒತ್ತಡವನ್ನು ತಾಳಬೇಕಾದುದರಿಂದ ಎಂಜಿನ್ನಿನ ಮೈ ದಪ್ಪ, ತೂಕ ಹೆಚ್ಚು, ಸುತ್ತುವ ವೇಗ ಕಡಿಮೆ. ಆದರೆ ಕಡಿಮೆ ವೇಗದಲ್ಲಿಯೇ ಅದು ಕೊಡುವ ತಿರುಗುಬಲ, ಮೆಕ್ಯಾನಿಕ್ಕುಗಳು 'ಟಾರ್ಕ್' ಎನ್ನುವುದು, ಹೆಚ್ಚು. ಓಡುವ ಕುದುರೆಗೂ ಎಳೆಯುವ ಎತ್ತಿಗೂ ಇರುವ ವ್ಯತ್ಯಾಸವೇ ಇದು. ಹೊರೆಯ ಗಾಡಿಗೆ ಬೇಕಾದುದು ಎತ್ತು.

ಆ ತುಂತುರು ಸರಿಯಾದ ಗಳಿಗೆಯಲ್ಲಿ, ಸರಿಯಾದ ಅಳತೆಯಲ್ಲಿ ಬೀಳಬೇಕು. ಅದನ್ನು ಮಾಡುವುದು ಇಂಜೆಕ್ಷನ್ ಪಂಪು ಮತ್ತು ನಾಜಲ್. ಜರ್ಮನಿಯ ಬಾಷ್ ಕಂಪನಿ 1927ರಲ್ಲಿ ಇಂತಹ ಪಂಪುಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿದ ಮೇಲೆಯೇ ಡೀಸೆಲ್ ಎಂಜಿನ್ ಕಾರ್ಖಾನೆಯ ಮೂಲೆಯಿಂದೆದ್ದು ರಸ್ತೆಗಿಳಿಯಲು ಸಾಧ್ಯವಾಯಿತು. ಅದೇ ಬಾಷ್ ಸಂಸ್ಥೆಯ ಸಹಯೋಗದಲ್ಲಿ 1951ರಲ್ಲಿ ಬೆಂಗಳೂರಿನಲ್ಲಿ 'ಮೈಕೋ' ಸ್ಥಾಪನೆಯಾಯಿತು. ಆಡುಗೋಡಿಯ ಆ ಕಾರ್ಖಾನೆಯ ಪಂಪುಗಳು ದೇಶದ ಅಸಂಖ್ಯ ಲಾರಿಗಳ ಹೃದಯವಾದವು. ನಮ್ಮ ರೈತರಿಗಂತೂ ಡೀಸೆಲ್ಲಿನ ಪರಿಚಯ ಲಾರಿಗಿಂತ ಹೆಚ್ಚಾಗಿ ಬಾವಿಯ ಪಂಪುಸೆಟ್ಟಿನಿಂದ ಆಯಿತು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನದವರು 1946ರಲ್ಲಿ ಪುಣೆಯಲ್ಲಿ ಆರಂಭಿಸಿದ ಎಂಜಿನ್ ಕಾರ್ಖಾನೆಯ ಹೆಸರು ಹಳ್ಳಿಹಳ್ಳಿಗೂ ತಿಳಿದಿತ್ತು. ಪಂಪುಸೆಟ್ಟಿನ ನಾಜಲ್ ಬಿಚ್ಚಿ ಕಲಿತ ಹುಡುಗರೇ ಮುಂದೆ ಲಾರಿ ಮೆಕ್ಯಾನಿಕ್ಕುಗಳಾದರು.

ಲಾರಿ ದೊಡ್ಡದು, ಹಳ್ಳಿಯ ದಾರಿ ಸಣ್ಣದು. ಹತ್ತು ಟನ್ನಿನ ಲಾರಿಗೂ ಒಂದು ಟನ್ನಿನ ಬಂಡಿಗೂ ನಡುವೆ ಇದ್ದ ಖಾಲಿ ಜಾಗವನ್ನು ತುಂಬಿದುದು 1980ರ ದಶಕ. ಆಗ ಜಪಾನಿನ ನಾಲ್ಕು ಕಂಪನಿಗಳು ಭಾರತೀಯ ಸಂಸ್ಥೆಗಳೊಡನೆ ಕೂಡಿ ಹಗುರ ಲಾರಿಗಳನ್ನು ತಂದವು: ಡಿ.ಸಿ.ಎಂ. ಟೊಯೊಟಾ, ಐಷರ್ ಮಿತ್ಸುಬಿಷಿ, ಸ್ವರಾಜ್ ಮಜ್ದಾ, ಆಲ್ವಿನ್ ನಿಸಾನ್. ಕೊನೆಯದರ ಕಾರ್ಖಾನೆ ನಮ್ಮ ಬೀದರಿನ ನೆರೆಯ ಜಹೀರಾಬಾದಿನಲ್ಲಿತ್ತು. ಇವಕ್ಕೆ ಉತ್ತರವಾಗಿ ಟಾಟಾ 1986ರಲ್ಲಿ 407 ಎಂಬ ಗಾಡಿಯನ್ನೂ 1988ರಲ್ಲಿ 206 ಎಂಬ ಪಿಕಪ್ಪನ್ನೂ ತಂದಿತು. 1947ರಿಂದ ಜೀಪು ಜೋಡಿಸುತ್ತಿದ್ದ ಮಹೀಂದ್ರಾ ಕಂಪನಿ 1979ರಲ್ಲಿ ಫ್ರಾನ್ಸಿನ ಪ್ಯೂಜೋ ಕಂಪನಿಯಿಂದ ಸಣ್ಣ ಡೀಸೆಲ್ ಎಂಜಿನ್ನಿನ ಪರವಾನಗಿ ಪಡೆಯಿತು. ಜೀಪಿನ ಆ ಗಟ್ಟಿ ಮೈಕಟ್ಟಿನ ಪರಂಪರೆಯಲ್ಲಿಯೇ ಮುಂದೆ ಬೊಲೆರೊ ಪಿಕಪ್ ಬಂದಿತು. 2005ರಲ್ಲಿ ಬಂದ ಟಾಟಾ ಏಸ್ ಎರಡೇ ಸಿಲಿಂಡರಿನ, ಹದಿನಾರು ಅಶ್ವಶಕ್ತಿಯ ಪುಟ್ಟ ಗಾಡಿ. ಜನ ಅದನ್ನು 'ಛೋಟಾ ಹಾಥಿ' ಎಂದು ಕರೆದರು. ಈಗ ರಾಯಚೂರಿನ ರಾಜೇಂದ್ರ ಗಂಜಿನ ಮುಂದೆ ಸುಗ್ಗಿಯ ಕಾಲದಲ್ಲಿ ನಿಂತು ನೋಡಿದರೆ ಕೆಎ 36 ಸಂಖ್ಯೆ ಹೊತ್ತ ಇಂತಹ ಗಾಡಿಗಳ ಸಾಲೇ ಕಾಣುತ್ತದೆ.

ಇನ್ನು ಅಮೆರಿಕದ ಶಿಷ್ಯನ 'ಆರು ಪಟ್ಟಿ'ನ ಲೆಕ್ಕ. ಆ ದೇಶದಲ್ಲಿ 1989ರಲ್ಲಿ ಡಾಜ್ ಕಂಪನಿ ತನ್ನ ಪಿಕಪ್ಪಿಗೆ ಕಮ್ಮಿನ್ಸ್ ಸಂಸ್ಥೆಯ 5.9 ಲೀಟರಿನ, ಆರು ಸಿಲಿಂಡರಿನ ಟರ್ಬೊ ಡೀಸೆಲ್ ಎಂಜಿನ್ ಕೂರಿಸಿತು. ಅದು 160 ಅಶ್ವಶಕ್ತಿಯದು. ಟಾರ್ಕ್ ಸುಮಾರು 540 ನ್ಯೂಟನ್ ಮೀಟರ್. ಅಲ್ಲಿಂದ ಪೈಪೋಟಿ ಏರುತ್ತ ಹೋಗಿ, 2023ರ ಮಾದರಿಯ ಫೋರ್ಡ್ ಸೂಪರ್ ಡ್ಯೂಟಿಯ 6.7 ಲೀಟರ್ ಎಂಜಿನ್ 500 ಅಶ್ವಶಕ್ತಿಯನ್ನೂ 1,600ಕ್ಕೂ ಮಿಕ್ಕ ನ್ಯೂಟನ್ ಮೀಟರ್ ಟಾರ್ಕನ್ನೂ ಮುಟ್ಟಿತು. ನಮ್ಮ ಬೊಲೆರೊ ಪಿಕಪ್ಪಿನ 2.5 ಲೀಟರ್ ಎಂಜಿನ್ ಕೊಡುವುದು ಸುಮಾರು 75 ಅಶ್ವಶಕ್ತಿ, 200 ನ್ಯೂಟನ್ ಮೀಟರ್. ಆರು ಪಟ್ಟೇನು, ಅದಕ್ಕೂ ಹೆಚ್ಚಿನ ಅಂತರವೇ ಇದೆ. ಆದರೆ ಹೊರುವ ಹೊರೆಯಲ್ಲಿ ಅಂತರ ಅಷ್ಟಿಲ್ಲ. ನಮ್ಮ ಪಿಕಪ್ಪಿನ ದೊಡ್ಡ ಮಾದರಿ ಅಧಿಕೃತವಾಗಿಯೇ 17 ಕ್ವಿಂಟಲ್ ಹೊರುತ್ತದೆ. ಅಮೆರಿಕದ ಗಾಡಿಗೆ ಅಷ್ಟು ಶಕ್ತಿ ಬೇಕಾದುದು ಮುಖ್ಯವಾಗಿ ಬೆನ್ನ ಮೇಲೆ ಹೊರುವುದಕ್ಕಲ್ಲ, ಹಿಂದೆ ಕಟ್ಟಿದ ದೊಡ್ಡ ಟ್ರೇಲರನ್ನು ಹೆದ್ದಾರಿಯ ವೇಗದಲ್ಲಿ ಬೆಟ್ಟ ಹತ್ತಿಸುವುದಕ್ಕೆ. ಅದರಲ್ಲಿಯೂ ಒಂದು ಸೂಕ್ಷ್ಮವಿದೆ: ಅಲ್ಲಿ ದೊಡ್ಡ ಟ್ರೇಲರಿಗೆ ತನ್ನದೇ ಬ್ರೇಕು ಇರಬೇಕೆಂಬ ಕಟ್ಟಳೆಯಿದೆ. ಎಳೆಯುವ ಬಲ ಹೆಚ್ಚಿದಂತೆಲ್ಲ ತಡೆಯುವ ಬಲವನ್ನೂ ಹೆಚ್ಚಿಸಬೇಕೆಂಬುದನ್ನು ಅಲ್ಲಿಯ ಕಾನೂನು ಮರೆತಿಲ್ಲ.

ಈಗ ದೇವದುರ್ಗದ ಶಿಷ್ಯನ ಮಾತಿಗೆ ಬರೋಣ. "ಎಷ್ಟು ಹೇರಿದರೂ ಎಳೆಯುತ್ತದೆ" ಎಂಬುದು ಸುಳ್ಳಲ್ಲ. ಸರಳವಾದ ಒಂದು ಲೆಕ್ಕ ಹಾಕೋಣ. ಎಂಜಿನ್ನಿನ 200 ನ್ಯೂಟನ್ ಮೀಟರ್ ಟಾರ್ಕು ಮೊದಲ ಗೇರು ಮತ್ತು ಹಿಂದಿನ ಆಕ್ಸಲಿನ ಹಲ್ಲುಗಾಲಿಗಳ ಮೂಲಕ ಹದಿನೆಂಟು ಪಟ್ಟು ಹೆಚ್ಚುತ್ತದೆ ಎಂದು ಹಿಡಿಯಿರಿ. ಗಾಲಿಯಲ್ಲಿ ಅದು 3,600 ನ್ಯೂಟನ್ ಮೀಟರ್ ಆಯಿತು. ಗಾಲಿಯ ತ್ರಿಜ್ಯ 36 ಸೆಂಟಿಮೀಟರ್ ಎಂದರೆ ನೆಲದ ಮೇಲೆ ಗಾಡಿಯನ್ನು ನೂಕುವ ಬಲ 10,000 ನ್ಯೂಟನ್. ಹೊರೆಸಹಿತ ಮೂರು ಟನ್ ತೂಗುವ ಗಾಡಿ ಆರಕ್ಕೆ ಒಂದರ ಕಡಿದಾದ ಏರನ್ನು ಹತ್ತಲು ಬೇಕಾದುದು ಸುಮಾರು 5,000 ನ್ಯೂಟನ್. ಅಂದರೆ ಇನ್ನೂ ಅರ್ಧ ಬಲ ಕೈಯಲ್ಲಿ ಉಳಿದಿದೆ. ನಮ್ಮ ಬಯಲುಸೀಮೆಯ ಸಮತಟ್ಟು ರಸ್ತೆಯಲ್ಲಂತೂ ಎರಡು ಪಟ್ಟು ಹೇರಿದರೂ ಎಂಜಿನ್ ಗೊಣಗದೆ ಎಳೆಯುತ್ತದೆ. ಮನುಷ್ಯನಿಗೆ ಮೋಸವಾಗುವುದು ಇಲ್ಲಿಯೇ. ಎಳೆಯಿತು ಎಂಬುದನ್ನೇ ಅವನು ಸಾಮರ್ಥ್ಯವೆಂದು ಭಾವಿಸುತ್ತಾನೆ.

ಗಾಡಿಯನ್ನು ರೂಪಿಸಿದವನು ಹೊರೆಯ ಮಿತಿಯನ್ನು ಕಟ್ಟಿದುದು ಎಂಜಿನ್ನನ್ನು ಮಾತ್ರ ನೋಡಿ ಅಲ್ಲ. ಏಣಿಯಾಕಾರದ ಚಾಸಿ ಎಷ್ಟು ಬಾಗಬಲ್ಲದು, ಕಮಾನುಪಟ್ಟಿಗಳು ಎಷ್ಟು ತಾಳಬಲ್ಲವು, ಟೈರು ಎಷ್ಟು ಬಿಸಿಯನ್ನು ಸಹಿಸಬಲ್ಲದು, ಎಲ್ಲಕ್ಕೂ ಮಿಗಿಲಾಗಿ ಬ್ರೇಕು ಎಷ್ಟು ಶಕ್ತಿಯನ್ನು ನುಂಗಬಲ್ಲದು ಎಂಬುದನ್ನೆಲ್ಲ ನೋಡಿ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಓಡುವ ಮೂರು ಟನ್ ಗಾಡಿಯಲ್ಲಿ ಸುಮಾರು ನಾಲ್ಕು ಲಕ್ಷ ಜೂಲ್ ಚಲನಶಕ್ತಿ ಇರುತ್ತದೆ. ನಿಲ್ಲಿಸುವುದೆಂದರೆ ಅಷ್ಟನ್ನೂ ಬ್ರೇಕಿನಲ್ಲಿ ಶಾಖವಾಗಿ ಕರಗಿಸುವುದು. ಒಟ್ಟು ತೂಕ ನಾಲ್ಕೂವರೆ ಟನ್ ಆದರೆ ಆ ಶಕ್ತಿ ಆರು ಲಕ್ಷ ದಾಟುತ್ತದೆ. ಬ್ರೇಕಿನ ಬಲ ಮಾತ್ರ ಹೆಚ್ಚುವುದಿಲ್ಲ. ನಲವತ್ತು ಮೀಟರಿನಲ್ಲಿ ನಿಲ್ಲಬೇಕಾದ ಗಾಡಿ ಅರವತ್ತು ಮೀಟರ್ ಓಡುತ್ತದೆ. ಆ ಇಪ್ಪತ್ತು ಮೀಟರಿನೊಳಗೆ ಒಂದು ಎಮ್ಮೆ ಇರಬಹುದು, ಶಾಲೆಗೆ ಹೊರಟ ಮಗುವೂ ಇರಬಹುದು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯು ಮಿತಿಮೀರಿದ ಹೊರೆಗೆ 20,000 ರೂಪಾಯಿ ದಂಡವನ್ನೂ, ಹೆಚ್ಚಿನ ಪ್ರತಿ ಟನ್ನಿಗೆ ಮತ್ತೆ 2,000 ರೂಪಾಯಿಯನ್ನೂ ವಿಧಿಸಿರುವುದು ಈ ಲೆಕ್ಕದ ಆಧಾರದ ಮೇಲೆಯೇ ನ್ಯಾಯವಾಗಿದೆ.

ಚೀಲಗಳ ಮಾತು ಇಷ್ಟಾಯಿತು. ಮನುಷ್ಯರ ಮಾತು ಇನ್ನೂ ಗಂಭೀರವಾದುದು. ಹತ್ತಿ ಬಿಡಿಸುವ ಕಾಲದಲ್ಲಿ, ಮೆಣಸಿನಕಾಯಿಯ ಕಾಲದಲ್ಲಿ, ಮಾನ್ವಿ ಕಡೆಯ ಗದ್ದೆಗಳಲ್ಲಿ ನಾಟಿ ಹಚ್ಚುವ ಕಾಲದಲ್ಲಿ, ಬೆಳಕು ಹರಿಯುವ ಮುನ್ನವೇ ಕೂಲಿಯ ಹೆಣ್ಣುಮಕ್ಕಳು ಬುತ್ತಿ ಕಟ್ಟಿಕೊಂಡು ಪಿಕಪ್ಪಿನ ಹಿಂದೆ ನಿಂತು ಹೋಗುವುದನ್ನು ನೀವೆಲ್ಲ ಕಂಡಿದ್ದೀರಿ. ಮೂವತ್ತು ಜನರ ತೂಕ ಹದಿನೈದು ಕ್ವಿಂಟಲ್. ಇಪ್ಪತ್ತು ಭತ್ತದ ಚೀಲಗಳ ತೂಕವೂ ಹದಿನೈದು ಕ್ವಿಂಟಲ್. "ಮಿತಿಯೊಳಗೇ ಇದೆಯಲ್ಲ" ಎಂದು ಚಾಲಕ ಹೇಳಿಯಾನು. ತಕ್ಕಡಿಗೆ ಎರಡೂ ಒಂದೇ, ಗಾಡಿಗೆ ಒಂದೇ ಅಲ್ಲ. ಹಾಸಿ ಜೋಡಿಸಿದ ಚೀಲಗಳ ಗುರುತ್ವಕೇಂದ್ರ ಗಾಡಿಯ ಹಲಗೆಯಿಂದ ಒಂದೆರಡು ಗೇಣಿನ ಎತ್ತರದಲ್ಲಿರುತ್ತದೆ. ನಿಂತ ಮನುಷ್ಯರದು ಸೊಂಟದ ಎತ್ತರದಲ್ಲಿ. ಚೀಲಗಳು ಅಲುಗುವುದಿಲ್ಲ, ಮನುಷ್ಯರು ತಿರುವಿನಲ್ಲಿ ಎಲ್ಲರೂ ಒಂದೇ ಕಡೆಗೆ ವಾಲುತ್ತಾರೆ. ಭತ್ತ ಹೇರಿದಾಗ ಸುರಕ್ಷಿತವಾಗಿ ತಿರುಗಿದ ಅದೇ ತಿರುವಿನಲ್ಲಿ, ಅದೇ ವೇಗದಲ್ಲಿ, ಅದೇ ತೂಕದ ಜನರಿದ್ದಾಗ ಗಾಡಿ ಮಗುಚುವುದು ಹೀಗೆ. ಇದರಲ್ಲಿ ಹಣೆಬರಹವಿಲ್ಲ, ಯಂತ್ರಶಾಸ್ತ್ರವಿದೆ.

ಮಗುಚಿದ ಮೇಲಿನ ಕಥೆಯನ್ನೂ ತಿಳಿದಿರಬೇಕು. ಆಶಾರಾಣಿ ಪ್ರಕರಣದಲ್ಲಿ 2002ರ ಡಿಸೆಂಬರಿನಲ್ಲಿ ತೀರ್ಪು ನೀಡಿದ ಸುಪ್ರೀಂ ಕೋರ್ಟು, ಸರಕು ವಾಹನದಲ್ಲಿ ಪ್ರಯಾಣಿಕರಾಗಿ ಕುಳಿತವರ ಸಾವುನೋವಿಗೆ ಪರಿಹಾರ ಕೊಡುವ ಹೊಣೆ ವಿಮಾ ಕಂಪನಿಯದಲ್ಲವೆಂದು ಹೇಳಿತು. ಸರಕಿನ ಒಡೆಯ ಅಥವಾ ಅವನ ಪ್ರತಿನಿಧಿ ಸರಕಿನೊಡನೆ ಹೋಗುವುದಕ್ಕೆ 1994ರ ತಿದ್ದುಪಡಿ ರಕ್ಷಣೆ ಕೊಟ್ಟಿದೆ. ಗಾಡಿಯ ಚಾಲಕ, ಹಮಾಲರ ವಿಷಯವೂ ಬೇರೆ. ಹೊಲಕ್ಕೆ ಹೊರಟ ಕೂಲಿಯವರು ಈ ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಹೀಗಾಗಿ ಪರಿಹಾರದ ಹೊರೆ ಸಾಲ ಮಾಡಿ ಗಾಡಿ ಕೊಂಡ ಮಾಲೀಕನ ತಲೆಯ ಮೇಲೆ ಬೀಳುತ್ತದೆ. ಅವನಲ್ಲಿ ಇಲ್ಲದಿದ್ದರೆ ಸತ್ತವರ ಮನೆಯವರಿಗೆ ಏನೂ ದಕ್ಕುವುದಿಲ್ಲ. ಒಂದು ತಿರುವಿನಲ್ಲಿ ಎರಡೂ ಕಡೆಯ ಮನೆಗಳು ಮುಳುಗುತ್ತವೆ.

ಹೀಗೆಂದು ಆ ಹೆಣ್ಣುಮಕ್ಕಳನ್ನು ದೂರುವುದು ಸಲ್ಲದು. ಹೊಲದ ಬದುವಿಗೆ ಬೆಳಗಿನ ಆರು ಗಂಟೆಗೆ ಯಾವ ಬಸ್ಸೂ ಬರುವುದಿಲ್ಲ. ಗುಳೆ ಹೋಗುವುದಕ್ಕಿಂತ ಊರಿನ ಸುತ್ತ ಸಿಗುವ ಕೂಲಿಯೇ ಲೇಸೆಂದು ಅವರು ಹತ್ತುತ್ತಾರೆ. ಚಾಲಕನೊಬ್ಬನನ್ನೇ ಬೈಯುವುದೂ ಸರಿಯಲ್ಲ. ಬಾಡಿಗೆ ಬಿಟ್ಟರೆ ಕಂತು ಕಟ್ಟುವುದು ಹೇಗೆ ಎಂಬ ಚಿಂತೆ ಅವನದು. ಹೊಣೆ ಹೆಚ್ಚಾಗಿ ಇರುವುದು ಆಳು ಕರೆಸುವ ಹೊಲದ ಒಡೆಯನ ಮೇಲೆ ಮತ್ತು ಜನ ಕೂಡಿಸುವ ಮೇಸ್ತ್ರಿಯ ಮೇಲೆ. ಪ್ರಯಾಣಿಕರ ಪರವಾನಗಿಯುಳ್ಳ ಗಾಡಿಯನ್ನು ಎರಡು ಮೂರು ಹೊಲದವರು ಕೂಡಿ ಗೊತ್ತುಮಾಡಿದರೆ ತಲೆಗೆ ಬೀಳುವ ಹೆಚ್ಚಿನ ಖರ್ಚು ದೊಡ್ಡದೇನಲ್ಲ. ಆ ಖರ್ಚನ್ನು ಕೂಲಿಯಲ್ಲಿ ಮುರಿದುಕೊಳ್ಳದೆ ಒಡೆಯನೇ ಭರಿಸಬೇಕು.

ನನ್ನ ಶಿಷ್ಯರಲ್ಲಿ ಗಾಡಿಯ ಮಾಲೀಕರಿದ್ದೀರಿ, ಚಾಲಕರಿದ್ದೀರಿ, ಹೊಲದ ಒಡೆಯರೂ ಇದ್ದೀರಿ. ನಿಮಗೆಲ್ಲ ಒಂದು ಸಣ್ಣ ಮನೆಗೆಲಸ ಕೊಡುತ್ತೇನೆ. ನಿಮ್ಮ ಗಾಡಿಯ ಆರ್.ಸಿ. ತೆಗೆದು ನೋಡಿರಿ. ಅದರಲ್ಲಿ ಹೊರೆಸಹಿತ ತೂಕ, ಖಾಲಿ ತೂಕ ಎಂಬ ಎರಡು ಸಂಖ್ಯೆಗಳಿವೆ. ಮೊದಲನೆಯದರಿಂದ ಎರಡನೆಯದನ್ನು ಕಳೆಯಿರಿ. ಉಳಿದುದೇ ನಿಮ್ಮ ಗಾಡಿಯ ನಿಜವಾದ ಸಾಮರ್ಥ್ಯ. ಅದನ್ನು ಎಪ್ಪತ್ತೈದರಿಂದ ಭಾಗಿಸಿದರೆ ಎಷ್ಟು ಚೀಲವೆಂಬುದು ತಿಳಿಯುತ್ತದೆ. ಆ ಸಂಖ್ಯೆಯನ್ನು ಕ್ಯಾಬಿನ್ನಿನೊಳಗೆ, ದೇವರ ಪಟದ ಕೆಳಗೆ, ದೊಡ್ಡ ಅಕ್ಷರದಲ್ಲಿ ಬರೆಸಿರಿ. ಅದರ ಪಕ್ಕದಲ್ಲಿ ಇನ್ನೊಂದು ಸಾಲು ಇರಲಿ: ಹಿಂದೆ ಚೀಲ ಮಾತ್ರ, ಜನರಿಲ್ಲ.